ಒಗ್ಗರಣೆಯಿಲ್ಲದ ಊಟ

ಕರಡಿಗವಿಯ ಪಾಳೆಯಗಾರ ಕೆಂಚಪ್ಪನಾಯಕ ಒಂದು ಕೆರೆ ಕಟ್ಟಿಸಿದ. ಒಳ್ಳೆಯ ಕೆಲಸವೇ. ಆದರೆ ಅಂದಿನಿಂದ ಅವನಿಗೆ ಉಪಯೋಗದ ಹುಚ್ಚು ಹಿಡಿಯಿತು. ಕಂಡದ್ದಕ್ಕೆಲ್ಲ ಒಂದೇ ಪ್ರಶ್ನೆ: "ಇದರಿಂದ ಏನು ಉಪಯೋಗ?"

ಒಂದು ದಿನ ಆಸ್ಥಾನದಲ್ಲಿ ಮುದುಕಿ ಪುಟ್ಟರಸಮ್ಮ ವೀಣೆ ನುಡಿಸುತ್ತಿದ್ದಳು. ನಿಜವಾಗಿ ಕೇಳುತ್ತಿದ್ದವನು ಮೂಲೆಯಲ್ಲಿ ಕೂತ ವಿದೂಷಕ ಗುಮ್ಮಣ್ಣನೊಬ್ಬನೇ. ಮಿಕ್ಕ ಆಸ್ಥಾನಿಕರು ದೊರೆಯ ಮುಖ ನೋಡಿಕೊಂಡು ತಲೆದೂಗುವವರು.

ನಾಯಕ ಕೈಯೆತ್ತಿ ನಿಲ್ಲಿಸಿದ. "ಅಜ್ಜಿ, ಇದರಿಂದ ಏನು ಉಪಯೋಗ?"

"ಏನೂ ಇಲ್ಲ ಬುದ್ಧಿ. ಕೇಳೋಕೆ ಚೆನ್ನಾಗಿರುತ್ತೆ, ಅಷ್ಟೆ."

"ಹಲಸಿನ ಮರದ ವೀಣೆ, ಒಲೆಗಾದರೂ ಆಗುತ್ತೆ," ಎಂದ ನಾಯಕ. ಅದಕ್ಕೂ ತಲೆಗಳು ತೂಗಿದವು. "ಗುಮ್ಮಣ್ಣ, ಉಪಯೋಗವಿಲ್ಲದ್ದನ್ನೆಲ್ಲ ಪಟ್ಟಿ ಮಾಡು. ನಾಳೆ ಮಧ್ಯಾಹ್ನದೊಳಗೆ ಒಂದೂ ಅರಮನೆಯಲ್ಲಿ ಇರಕೂಡದು. ನನ್ನ ಊಟವಾದ ಮೇಲೆ ವೀಣೆ ಒಲೆಗೆ."

ಐವತ್ತು ವರ್ಷ ಮಡಿಲಲ್ಲಿದ್ದ ವೀಣೆ. ಮುದುಕಿ ಸೆರಗಿನಿಂದ ತಂತಿ ಒರೆಸುತ್ತ ಕೂತಳು. ಗುಮ್ಮಣ್ಣ ಅವಳನ್ನೇ ನೋಡಿದ. ಆಮೇಲೆ ದೊರೆಗೆ ಬಾಗಿ, "ಅಪ್ಪಣೆ ದೊರೆ," ಎಂದ.

ಮರುದಿನ ನಾಯಕ ಆಸ್ಥಾನಕ್ಕೆ ಬಂದರೆ ಬಿರುದು ಕೂಗುವವನೇ ಇಲ್ಲ.

"ನಿಮ್ಮ ಹೆಸರು ನಿಮಗೆ ಗೊತ್ತಿದೆಯಲ್ಲ ದೊರೆ," ಎಂದ ಗುಮ್ಮಣ್ಣ. "ಅವನ ಗಂಟಲು ಚೆನ್ನಾಗಿದೆ. ಹೊಲದಲ್ಲಿ ಗಿಳಿ ಓಡಿಸಲು ಕಳಿಸಿದೆ."

"ನನ್ನ ಬೆಳ್ಗೊಡೆ?"

"ಸೂರಿನ ಕೆಳಗೆ ಕೊಡೆ ಯಾಕೆ? ಹಿತ್ತಲಲ್ಲಿ ಕರು ಬಿಸಿಲಿಗೆ ಬಿದ್ದಿತ್ತು, ಅದಕ್ಕೆ ಹಿಡಿಸಿದ್ದೇನೆ."

ನಾಯಕ ಹಲ್ಲು ಕಡಿದ. ತನ್ನದೇ ಅಪ್ಪಣೆ, ನುಂಗುವಂತಿಲ್ಲ, ಉಗುಳುವಂತಿಲ್ಲ.

ಊಟಕ್ಕೆ ಎಲೆ ಹಾಕಿದರು. ಪುಟ್ಟರಸಮ್ಮ ವೀಣೆ ಅವಚಿಕೊಂಡು ಅಡುಗೆಮನೆ ಬಾಗಿಲಲ್ಲಿ ಕಾದಿದ್ದಳು. ನಾಯಕ ಮುದ್ದೆ ಮುರಿದು ಸಾರಿಗೆ ಅದ್ದಿ ಬಾಯಿಗಿಟ್ಟು ಮುಖ ಹಿಂಡಿದ. ಪಂಕ್ತಿಯಲ್ಲಿದ್ದವರೂ ಹಿಂಡಿದರು.

"ಒಗ್ಗರಣೆ ಎಲ್ಲಿ?"

"ಪಟ್ಟಿಯಲ್ಲಿತ್ತು ದೊರೆ. ಚಿಟಿಕೆ ಸಾಸಿವೆಯಿಂದ ಯಾರ ಹೊಟ್ಟೆ ತುಂಬಿದೆ?"

"ಅದು ಹೊಟ್ಟೆಗಲ್ಲವೋ, ರುಚಿಗೆ."

"ಪುಟ್ಟರಸಮ್ಮನೂ ನಿನ್ನೆ ಅದನ್ನೇ ಹೇಳಿದ್ದು."

ನಾಯಕನಿಗೆ ಸೋತದ್ದು ಗೊತ್ತಾಯಿತು, ಮೀಸೆ ಒಪ್ಪಲಿಲ್ಲ. "ಸರಿ. ಉಂಡದ್ದು ಅರಗಲು ಉಪಯೋಗ ಅಂತ ಬರೆದು ವೀಣೆ ಉಳಿಸಿಕೊ."

"ಅರಗಲು ಶುಂಠಿ ಕಷಾಯ ಇದೆ ದೊರೆ. ವೀಣೆ ಕೇಳೋಕೆ."

"ಆಯ್ತು ಮಾರಾಯ, ಕೇಳೋಕೇ ಇರಲಿ. ಮೊದಲು ಒಗ್ಗರಣೆ ಹಾಕಿಸು."

ಸಾಸಿವೆ ಸಿಡಿದ ಮೇಲೆ ದೊರೆಗೆ ದೊರೆತನ ಮರಳಿತು. "ಪಟ್ಟಿ ಮುಗಿಯಿತೋ?"

"ಇನ್ನೊಂದು ಉಳಿದಿದೆ. ಎಲ್ಲಕ್ಕಿಂತ ದೊಡ್ಡದು."

"ಮಧ್ಯಾಹ್ನ ಕಳೆಯಿತಲ್ಲ. ಅದನ್ನೇಕೆ ಹೊರಗೆ ಹಾಕಲಿಲ್ಲ?"

ಗುಮ್ಮಣ್ಣ ದೊರೆಯ ಎಲೆಯ ಕಡೆ ನೋಡಿ ಕೈಮುಗಿದ. "ಎಲೆಯ ಮುಂದೆ ಕೂತವರನ್ನು ಎಬ್ಬಿಸಬಾರದು ಅಂತಾರೆ, ದೊರೆ."

ಪಂಕ್ತಿಯವರು ತುತ್ತು ಕೈಯಲ್ಲೇ ಹಿಡಿದು ದೊರೆಯ ಮುಖ ನೋಡಿದರು. ನಾಯಕ ನೆತ್ತಿಗೇರುವಷ್ಟು ನಕ್ಕ. ಆಮೇಲೆ ಅವರೂ ನಕ್ಕರು. ಪುಟ್ಟರಸಮ್ಮ ಮಾತ್ರ ಯಾರ ಮುಖವನ್ನೂ ನೋಡದೆ ವೀಣೆ ಶ್ರುತಿ ಮಾಡಿಕೊಂಡಳು.