ಹಿಂಬದಿಯ ಹಲಗೆ

ಹೊಳೆದಂಡೆಯ ತಗಡಿನ ಶೆಡ್ಡಿನಲ್ಲಿ ದಾದಾಪೀರ್ ಉಸ್ತಾದರು ಸ್ಪೀಕರ್ ಡಬ್ಬಿ ಮಾಡುತ್ತಿದ್ದರು. ತಿಪ್ಪೇಶ ಅವರ ಶಿಷ್ಯ. ಶಿಷ್ಯ ಕಟ್ಟಿದ ಮೊದಲ ಡಬ್ಬಿಗೆ ಉಸ್ತಾದರು ಕೈ ಹಚ್ಚುವುದಿಲ್ಲ. ಅದು ಆ ಶೆಡ್ಡಿನ ಪದ್ಧತಿ. ಕೆಟ್ಟರೂ ಅವನದೇ, ಗೆದ್ದರೂ ಅವನದೇ.

ತಿಪ್ಪೇಶ ಮೊದಲ ಡಬ್ಬಿ ಕಟ್ಟಿದ್ದು ತಂಗಿ ಹಾಲಮ್ಮನಿಗಾಗಿ. ಆಕೆಗೆ ಹುಟ್ಟಿನಿಂದ ಕಿವಿ ಕೇಳಿಸದು. ಕುಣಿತಕ್ಕೆಂದು ಕಟ್ಟಿದ ಮರದ ಅಟ್ಟದ ಮೇಲೆ ಬರಿಗಾಲಲ್ಲಿ ನಿಂತು, ಕಾಲಿಗೆ ಬಡಿಯುವ ನಡುಕ ಹಿಡಿದು ಕುಣಿಯುವವಳು. ಅಂದು ಸಂಜೆ ಊರೆದುರು ಆಕೆಯ ಮೊದಲ ಕುಣಿತ. ಕಿವುಡಿ ಏನು ಕುಣಿದಾಳು ಎಂದು ನಕ್ಕವರೆಲ್ಲ ಮುಂದಿನ ಸಾಲಿನಲ್ಲೇ ಕೂರುವವರು.

ಮಧ್ಯಾಹ್ನ ತಿಪ್ಪೇಶ ಡಬ್ಬಿಯನ್ನು ಅಟ್ಟದ ಮೇಲಿಟ್ಟ. ಹದಿನೆಂಟು ಇಂಚಿನ ಸ್ಪೀಕರ್. ಅದರ ಮಿಂಚುವ ಅಯಸ್ಕಾಂತ ಊರಿಗೆಲ್ಲ ಕಾಣಲಿ ಎಂದು ಹಿಂಬದಿಗೆ ಹಲಗೆಯನ್ನೇ ಹಾಕಿರಲಿಲ್ಲ.

ಹಾಡು ಹಾಕಿದ. ಸ್ಪೀಕರಿನ ನಡುವಿನ ಕಾಗದದ ಕೋನ್ ಹುಚ್ಚು ಹಿಡಿದಂತೆ ಹಿಂದೆ ಮುಂದೆ ಆಡಿತು. ಹಾಲಮ್ಮ ನಿಂತಳು, ಕಾಲು ಬದಲಿಸಿದಳು, ಕೈಸನ್ನೆಯಲ್ಲಿ ಏನೂ ಇಲ್ಲ ಎಂದಳು.

ತಿಪ್ಪೇಶ ಉಸ್ತಾದರ ಹತ್ತಿರ ಓಡಿದ.

"ಉಸ್ತಾದ್ರೇ, ನನ್ನ ಆಂಪ್ಲಿಫೈಯರ್ ಸಾಲದು. ನಿಮ್ಮ ದೊಡ್ಡದು ಕೊಡ್ರಿ."

"ಕೋನ್ ಆಡ್ತೈತೇನು?"

"ಹರಿದು ಹೋಗೋ ಹಂಗೆ ಆಡ್ತೈತಿ."

"ಮತ್ತೆ ಶಕ್ತಿ ಸಾಲದು ಅಂತ ಯಾರು ಹೇಳಿದ್ರು? ಮೂಲ್ಯಾಗಿನ ಆ ಹಲಗಿ ತಗೊಂಡು ಹೊಳಿಗೆ ಬಾ."

ಈ ಮುದುಕನಿಗೆ ಹೊಳೆಗೆ ಹೋಗಲು ಇದೇ ಹೊತ್ತು ಸಿಕ್ಕಿತೇ ಎಂದು ತಿಪ್ಪೇಶ ಒಳಗೊಳಗೇ ಕುದಿದ. ಆದರೂ ಹೋದ.

ಮೊಣಕಾಲುದ್ದ ನೀರು. "ಹಲಗಿ ನಿಲ್ಲಿಸಿ ಹಿಂದಕ್ಕೂ ಮುಂದಕ್ಕೂ ಆಡಿಸು," ಎಂದರು ಉಸ್ತಾದರು.

ರಟ್ಟೆ ಸೋಲುವ ತನಕ ಆಡಿಸಿದ. ಹತ್ತು ಮಾರು ಆಚೆ ತೇಲುತ್ತಿದ್ದ ಎಲೆ ಅಲುಗಲೂ ಇಲ್ಲ.

"ನೂಕಿದ ನೀರು ಎಲ್ಲಿ ಹೋಯ್ತು?"

"ಬದಿಯಿಂದ ಸುತ್ತಿ ಹಿಂದಕ್ಕೇ ಬಂತು."

ಪಕ್ಕದಲ್ಲೇ ಕಲ್ಲು ಕಟ್ಟಿದ ಸಣ್ಣ ಕಾಲುವೆ. ಹಲಗೆ ಗೋಡೆಯಿಂದ ಗೋಡೆಗೆ ಸರಿಯಾಗಿ ಕೂತಿತು. "ಈಗ ನೂಕು."

ಒಂದೇ ನೂಕು. ಅಲೆ ಎದ್ದು ಕಾಲುವೆಯ ಉದ್ದಕ್ಕೂ ಓಡಿತು. ತುದಿಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸು ಸೀರೆ ನೆನೆಯಿತೆಂದು ಇಬ್ಬರಿಗೂ ಸೇರಿಸಿ ಬೈದಳು.

ತಿಪ್ಪೇಶ ನೀರಲ್ಲೇ ನಿಂತುಬಿಟ್ಟ.

"ನನ್ನ ಡಬ್ಬಿಗೆ ಬೆನ್ನೇ ಇಲ್ಲ, ಉಸ್ತಾದ್ರೇ. ಮುಂದೆ ನೂಕಿದ ಗಾಳಿ ಸುತ್ತಿ ಬಂದು ಹಿಂದೆ ಸೇರ್ತೈತಿ. ಎಷ್ಟು ಆಡಿದರೂ ಲೆಕ್ಕಕ್ಕಿಲ್ಲ."

ಉಸ್ತಾದರು ಬೀಡಿ ಹಚ್ಚಿದರು.

ತಿಪ್ಪೇಶ ದಪ್ಪ ಪ್ಲೈವುಡ್ ಕೊಯ್ದು ಹಿಂಬದಿ ಮುಚ್ಚಿದ. ಸ್ಕ್ರೂ ಬಿಗಿದ. ಕೂದಲೆಳೆಯಷ್ಟು ಸಂದಿಗೂ ಪುಟ್ಟಿ ಮೆತ್ತಿದ. ಅಯಸ್ಕಾಂತ ಒಳಗೆ ಮರೆಯಾಯಿತು. ಹೋದರೆ ಹೋಗಲಿ ಎಂದುಕೊಂಡ.

ಸಂಜೆ ಅದೇ ಆಂಪ್ಲಿಫೈಯರ್, ಅದೇ ಹಾಡು.

ಮೊದಲ ಪೆಟ್ಟಿಗೇ ಅಟ್ಟ ಗುಡುಗಿತು. ಹಾಲಮ್ಮನ ಕಣ್ಣರಳಿತು. ಎಡಗಾಲು ಎತ್ತಿದಳು, ಬಲಗಾಲು ಎತ್ತಿದಳು, ಆಮೇಲೆ ಆಕೆಯನ್ನು ಹಿಡಿಯುವವರೇ ಇಲ್ಲ. ಒಂದು ಹೆಜ್ಜೆಯೂ ತಾಳ ತಪ್ಪಲಿಲ್ಲ. ಮುಂದಿನ ಸಾಲಿನವರು ಒಬ್ಬೊಬ್ಬರಾಗಿ ಎದ್ದು ನಿಂತರು. ಆಕೆಗೆ ಕಾಣಲಿ ಎಂದು ಎರಡೂ ಕೈ ಮೇಲೆತ್ತಿ ಆಡಿಸಿದರು. ತಿಪ್ಪೇಶ ನಾಚಿಕೆ ಬಿಟ್ಟು ಅತ್ತ. ಅಷ್ಟು ಖುಷಿ ಅವನಿಗೆ ಎಂದೂ ಆಗಿರಲಿಲ್ಲ.

ತಿರುಗಿ ನೋಡಿದರೆ ಉಸ್ತಾದರು ಚಪ್ಪಲಿ ಬಿಟ್ಟು, ಅಟ್ಟದ ಅಂಚಿನಲ್ಲಿ ಬರಿಗಾಲಲ್ಲಿ ಕಣ್ಣು ಮುಚ್ಚಿ ನಿಂತಿದ್ದರು. ತಿಪ್ಪೇಶ ಅವರ ಕಾಲಿಗೆ ಬಗ್ಗಿದ. ಅವರು ಭುಜ ಹಿಡಿದು ಎತ್ತಿದರು.

"ನಲವತ್ತು ವರ್ಷ ನಾನು ಬರೇ ಕಿವಿಯಿಂದ ಕೇಳಿದೆನಪ್ಪ. ಆಕಿ ಕುಣಿತ ಮುಗೀಲಿ. ಕಾಲಿಂದ ಕೇಳೋದು ಕಲಿಯೋಕೆ ಹೊಸ ಶಿಷ್ಯ ಒಬ್ಬ ಕಾಯ್ತಿದಾನೆ ಅಂತ ಆಕಿಗೆ ಹೇಳು."