ಗಾಣದಕ್ಕ ಕಾರಿನ ಹಟ ಬಿಡಿಸಿದ್ದು

ಬಹಳ ಬಹಳ ಹಿಂದೆ, ಒಂದು ಊರಲ್ಲಿ, ಊರಿಗೆಲ್ಲ ಒಂದೇ ಗಾಣ, ಒಂದೇ ಕಾರು ಇದ್ದ ಕಾಲ. ಯಾವ ಇಸವಿ ಅಂತ ಮಾತ್ರ ಕೇಳಬೇಡಿ, ಕೇಳಿದರೆ ಕಥೆ ಅರ್ಧಕ್ಕೇ ನಿಲ್ಲಿಸಿ ಎದ್ದು ಹೋಗ್ತೀನಿ. ಊರು ಮುದ್ದಯ್ಯನಕೊಪ್ಪಲು. ಗಾಣ ಚೆನ್ನಾಜಮ್ಮನದು. ಕಾರು ಅವಳ ತಮ್ಮ ಕೆಂಚಪ್ಪನದು.

ಚೆನ್ನಾಜಮ್ಮ ಅನ್ನೋದು ಹೆಸರಿಗೆ ಅಷ್ಟೆ. ಅವಳಪ್ಪನ ವಯಸ್ಸಿನವರೂ ಅವಳನ್ನ ಗಾಣದಕ್ಕ ಅಂತಲೇ ಕರೀತಿದ್ದರಂತೆ. ಎಣ್ಣೆ ಮೂಸಿ ನೋಡಿ ಎಳ್ಳು ಯಾರ ಹೊಲದ್ದು ಅಂತ ಹೇಳಿಬಿಡ್ತಿದ್ದಳಂತೆ. ಬಿತ್ತೋ ದಿನ ಆ ಮನೆಯಲ್ಲಿ ಗಂಡ ಹೆಂಡತಿ ಜಗಳ ಆಡಿದ್ದರೋ ಇಲ್ಲವೋ ಅನ್ನೋದನ್ನೂ ಹೇಳ್ತಿದ್ದಳಂತೆ. ಅಷ್ಟನ್ನ ನಾನು ನಂಬಲ್ಲ. ಮೊದಲನೇದನ್ನ ನಂಬ್ತೀನಿ.

ಕೆಂಚಪ್ಪನಿಗೆ ಒಬ್ಬಳೇ ಮಗಳು, ದೇವೀರಿ. ಹೆತ್ತ ತಾಯಿ ಹೆರಿಗೆಯಲ್ಲೇ ಕಣ್ಣು ಮುಚ್ಚಿದಳು. ಕೂಸನ್ನ ಎತ್ತಿಕೊಂಡವಳು ಸೋದರತ್ತೆ ಗಾಣದಕ್ಕ. ಎತ್ತಿಕೊಂಡವಳು ಕೆಳಗೆ ಇಳಿಸಲೇ ಇಲ್ಲ ಅಂತಾರೆ. ಗಾಣ ತಿರುಗ್ತಿದ್ದರೆ ಕೂಸು ಸೊಂಟದ ಮೇಲೆ, ಒಲೆ ಉರೀತಿದ್ದರೆ ಕೂಸು ಸೊಂಟದ ಮೇಲೆ. ಹಾಗೆ ಬೆಳೆದ ಹುಡುಗಿಯನ್ನ ದೂರದ ಊರಿಗೆ ಕೊಟ್ಟರು. ಅವಳು ಬಸುರಿಯಾದಳು.

ಆ ಕಡೆಯ ಪದ್ಧತಿ ಏನಪ್ಪಾ ಅಂದರೆ, ಚೊಚ್ಚಲ ಬಸುರಿಯನ್ನ ಏಳು ತುಂಬೋದರೊಳಗೆ ತವರಿಗೆ ಕರಕೊಂಡು ಬರಬೇಕು. ಎಂಟಕ್ಕೆ ಬಿದ್ದರೆ ಹೊಸಲು ದಾಟಿಸೋ ಹಾಗಿಲ್ಲ. ದಾರಿಯೋ ಬರೀ ಕಲ್ಲು. ಎತ್ತಿನ ಗಾಡಿಯ ಕುಲುಕಾಟ ಅವಳ ಮೈಗೆ ಆಗೋದಿಲ್ಲ ಅಂತ ಸೂಲಗಿತ್ತಿ ಹೇಳಿಬಿಟ್ಟಿದ್ದಳು. ಬಂದರೆ ಅಪ್ಪನ ಕಾರಲ್ಲೇ ಬರಬೇಕು.

ಅಷ್ಟರಲ್ಲಿ ಕಾರಿಗೆ ಹುಚ್ಚು ಹಿಡೀತು.

ದೀಪಾವಳಿ ಕಳೆದು ಚಳಿ ಬಿದ್ದಿತ್ತು. ಬೆಳಗ್ಗೆ ಕೆಂಚಪ್ಪ ಕೆರೆ ಏರಿ ಮೇಲೆ ಬರ್ತಿದ್ದ. ತಿರುವು ಬಂತು ಅಂತ ಎಕ್ಸಿಲರೇಟರಿನಿಂದ ಕಾಲು ತೆಗೆದ. ಕಾಲು ಬಂತು, ಪೆಡಲ್ ಬರಲಿಲ್ಲ! ಕಾರು ಗುಂಯ್ ಅಂತ ಓಡಿತು. ಕೆರೆ ಮೇಲೆ ಹಾರಿ ಆಚೆ ದಡಕ್ಕೆ ಇಳೀತು ಅಂತ ಹೇಳೋರಿದ್ದಾರೆ. ಎಲ್ಲಿ ಹಾರುತ್ತೆ, ಬಿಡ್ರಪ್ಪಾ. ಕೆಂಚಪ್ಪ ಎದ್ನೋ ಬಿದ್ನೋ ಅಂತ ಬೀಗದಕೈ ತಿರುಗಿಸಿ ಇಂಜಿನ್ ಆರಿಸಿದ, ಕಾರು ಹೋಗಿ ಹುಲ್ಲಿನ ಬಣವೆಗೆ ಮೂತಿ ತೂರಿಸಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಸುದ್ದಿ ಕಾರಿಗಿಂತ ಜೋರಾಗಿ ಓಡಿತು. ಗಾಳಿ ಸೋಕಿದೆ ಅಂದರು. ನಿಂಬೆಹಣ್ಣು ಕಟ್ಟಿದರು, ಕುಂಬಳಕಾಯಿ ಒಡೆದರು. ಮಾರನೇ ದಿನವೂ ಪೆಡಲ್ ಒತ್ತಿದರೆ ಒತ್ತಿದಲ್ಲೇ.

ಬೀಗಿತ್ತಿ ಹೇಳಿಕಳಿಸಿದಳು. ಆ ಪಿಶಾಚಿ ಕಾರಲ್ಲಿ ನನ್ನ ಸೊಸೆಯನ್ನ ಕೂರಿಸೋದಿಲ್ಲ, ಹೆರಿಗೆ ಇಲ್ಲೇ ಆಗಲಿ, ಅಂತ. ತಪ್ಪೇನಿದೆ? ನಾನಾಗಿದ್ದರೂ ಅದನ್ನೇ ಅಂತಿದ್ದೆ. ಸುದ್ದಿ ತಂದವನೇ ಇನ್ನೊಂದು ಮಾತೂ ತಂದಿದ್ದ. ದೇವೀರಿ ಹಿತ್ತಲಲ್ಲಿ ನಿಂತು ಅತ್ತಳಂತೆ, ನನಗೆ ನನ್ನ ಗಾಣದತ್ತೆ ಬೇಕು ಅಂದಳಂತೆ.

ಗಾಣದಕ್ಕ ಅವತ್ತು ಉಣ್ಣಲಿಲ್ಲ. ಅವಳಿಗೆ ದೇವೀರಿಯ ತಾಯಿಯದೇ ನೆನಪು. ಆ ಹೆರಿಗೆಯ ಹೊತ್ತಿಗೆ ತಾನು ಬೇರೆ ಊರಲ್ಲಿದ್ದೆ, ಈ ಸಲ ಪಕ್ಕದಲ್ಲೇ ಇರಬೇಕು ಅನ್ನೋದೊಂದೇ ಅವಳ ಆಸೆ. ಏಳು ತುಂಬೋಕೆ ಇನ್ನು ಸ್ವಲ್ಪವೇ ದಿನ.

ಬೆಳಗ್ಗೆ ಒಗ್ಗರಣೆಗೆ ಎಣ್ಣೆ ಬೇಕಾಗಿ ಹುಚ್ಚೆಳ್ಳೆಣ್ಣೆಯ ಗಡಿಗೆಗೆ ಕೈ ಹಾಕಿದಳಂತೆ. ಮುಚ್ಚಳ ಬರಲೊಲ್ಲದು. ಅಂಚಲ್ಲಿ ಸೋರಿದ ಎಣ್ಣೆ ಒಣಗಿ ಅಂಟಾಗಿ ಕಚ್ಚಿಕೊಂಡಿತ್ತು. ಅದೇನು ಹೊಸದಲ್ಲ, ಹುಚ್ಚೆಳ್ಳೆಣ್ಣೆಯ ಗುಣವೇ ಅದು. ಆದರೆ ಅವತ್ತು ಮುಚ್ಚಳ ಹಿಡಿದವಳು ಹಿಡಿದ ಹಾಗೇ ನಿಂತಳು.

ಯಾಕೆ ಗೊತ್ತಾ? ಆ ಊರಲ್ಲಿ ವರ್ಷದ ಮೊದಲ ಗಾಣದ ಹುಚ್ಚೆಳ್ಳೆಣ್ಣೆಯನ್ನ ಆಯುಧಪೂಜೆಗೆ ಅಂತಲೇ ಎತ್ತಿಡೋರು. ಪೂಜೆಯ ದಿನ ನೇಗಿಲು, ಕುಡುಗೋಲು, ಗಾಡಿಯ ಅಚ್ಚು, ಎಲ್ಲಕ್ಕೂ ಅದರದ್ದೇ ಒಂದು ಧಾರೆ. ಕಾರಿಗೆ ಮಾತ್ರ ಯಾಕೆ ಕಮ್ಮಿ ಅಂತ ಆ ಸಲ ಗಾಣದಕ್ಕನೇ ಬಾನೆಟ್ ಎತ್ತಿಸಿ, ತಂತಿಗೂ ತಿರುಗಣಿಗೂ ಕೈ ತುಂಬ ಹೊಯ್ದಿದ್ದಳು.

ಸೀದಾ ಅಂಗಳಕ್ಕೆ ಬಂದಳು. ಕಾರಿನ ಬಾಗಿಲು ತೆಗೆದು ಪೆಡಲನ್ನ ಕೈಯಲ್ಲೇ ಒತ್ತಿ ಬಿಟ್ಟಳು. ಒತ್ತಿದ್ದು ಸರಾಗ, ಬಿಟ್ಟದ್ದು ಬರಲೇ ಇಲ್ಲ.

"ಲೋ ಕೆಂಚಾ, ಗಾಳಿಯೂ ಇಲ್ಲ ದೆವ್ವವೂ ಇಲ್ಲ. ನನ್ನ ಎಣ್ಣೆ ಕಣೋ ಇದು!"

ಪೆಡಲಿನಿಂದ ಒಂದು ತಂತಿ ಕೊಳವೆಯೊಳಗೆ ಹಾದು ಇಂಜಿನ್ ಹತ್ತಿರ ಒಂದು ಪುಟ್ಟ ಬಾಗಿಲನ್ನ ತೆಗೆಯುತ್ತೆ. ಕಾಲೆತ್ತಿದರೆ ಸ್ಪ್ರಿಂಗು ಎಳೆದು ಆ ಬಾಗಿಲು ಮುಚ್ಚಬೇಕು. ಅಲ್ಲೆಲ್ಲ ಎಣ್ಣೆ ಒಣಗಿ ಬೆಲ್ಲದ ಪಾಕದ ಹಾಗೆ ಹಿಡಿದಿತ್ತು. ಕೆಂಚಪ್ಪ ತಂತಿ ಬಿಚ್ಚಿಕೊಟ್ಟ. ಅಕ್ಕ ಅದನ್ನ ಹುಣಸೆ ಕೊಂಬೆಗೆ ನೇತುಹಾಕಿ, ಕೊಳವೆಯ ಬಾಯಿಗೆ ಸೀಮೆಎಣ್ಣೆ ತೊಟ್ಟು ತೊಟ್ಟಾಗಿ ಬಿಟ್ಟಳು. ಕೆಳಗಿನಿಂದ ಮೊದಲು ಕಪ್ಪಾಗಿ ಬಂತು, ಆಮೇಲೆ ಕೆಂಪಗೆ, ಆಮೇಲೆ ತಿಳಿಯಾಗಿ. ಕಾರು ಪಶ್ಚಾತ್ತಾಪಪಟ್ಟು ಅತ್ತಿತು ಅಂತ ಜನ ಹೇಳೋದು ಇದನ್ನೇ. ಅತ್ತದ್ದಲ್ಲ, ಸೋರಿದ್ದು ಸೀಮೆಎಣ್ಣೆ! ಪುಟ್ಟ ಬಾಗಿಲನ್ನ ಹಳೇ ಸೀರೆಯ ಚೂರಲ್ಲಿ ಉಜ್ಜಿದಳು. ಕೆಂಚಪ್ಪ ಮರೆತು ಬೀಡಿ ತೆಗೆದನಂತೆ. "ಹಚ್ಚು, ಇಬ್ಬರೂ ಒಟ್ಟಿಗೇ ಹೋಗೋಣ" ಅಂದಳಂತೆ. ಬೀಡಿ ಜೇಬಿಗೆ ವಾಪಸ್ ಹೋಯಿತು.

ಎಲ್ಲ ಒಣಗಿಸಿ, ಹೊಲಿಗೆ ಮಿಷನ್ನಿನ ತೆಳು ಎಣ್ಣೆ ಒಂದಿಷ್ಟೇ ಮುಟ್ಟಿಸಿ, ತಂತಿ ಕೂರಿಸಿದರು. ಕೆಂಚಪ್ಪ ಬಾನೆಟ್ ಹತ್ತಿರ ಬಗ್ಗಿದ. ಅಕ್ಕ ಪೆಡಲ್ ಒತ್ತಿ ಬಿಟ್ಟಳು. ಟಕ್ ಅಂತ ಬಂತು. ಮತ್ತೆ ಒತ್ತಿದಳು. ಟಕ್. ಸಾಕು ಬಿಡಕ್ಕಾ ಅಂದರೂ ಬಿಡಲಿಲ್ಲವಂತೆ. ಒತ್ತುತ್ತಾ ಒತ್ತುತ್ತಾ ನಗು ಬಂತಂತೆ ಅವಳಿಗೆ. ಹಸಿವಾಯಿತು ಅಂದಳಂತೆ.

ಉಂಡು, ಕೆರೆ ಏರಿ ಮೇಲೆ ಹೋಗಿ ಬಂದು ನೋಡಿ, ಇಬ್ಬರೂ ಬೀಗರ ಊರಿಗೆ ಹೊರಟರು. ಬೀಗಿತ್ತಿ ಬಾಗಿಲಿಗೆ ಅಡ್ಡ ನಿಂತಿದ್ದಳು. ಗಾಣದಕ್ಕ ವಾದ ಮಾಡಲಿಲ್ಲ. ತಪ್ಪು ನನ್ನದೇ ಕಣಮ್ಮಾ ಅಂತ ಎಣ್ಣೆಯ ಕಥೆ ಪೂರ್ತಿ ಹೇಳಿದಳು. ಆಮೇಲೆ ಕೈ ಹಿಡಿದು ಕಾರಿನ ಹತ್ತಿರ ಕರಕೊಂಡು ಹೋಗಿ, ನಿಮ್ಮ ಕೈಯಲ್ಲೇ ಒತ್ತಿ ನೋಡಿ ಅಂದಳು. ಬೀಗಿತ್ತಿ ಬಗ್ಗಿ ಒತ್ತಿದಳು. ಬಿಟ್ಟಳು.

"ಬಂತಾ?" ಅಂತ ಕೇಳಿದಳು ಅಕ್ಕ.

ಬೀಗಿತ್ತಿ ಮತ್ತೊಂದು ಸಲ ಒತ್ತಿ ನೋಡಿದಳು. ಹೊಸಲ ಮೇಲೆ ದೇವೀರಿ ಕತ್ತು ಚಾಚಿ ನೋಡ್ತಾ ನಿಂತಿದ್ದಳು.

"ಬಂತು ಕಣಕ್ಕಾ," ಅಂದಳು ಬೀಗಿತ್ತಿ. ಅಂದವಳೇ ಒಳಗೆ ಹೋಗಿ ಸೊಸೆಗೆ ಮಡಿಲಕ್ಕಿ ತಂದಳು.

ದಾರಿ ಉದ್ದಕ್ಕೂ ದೇವೀರಿ ಸೋದರತ್ತೆಯ ತೊಡೆ ಮೇಲೆ ತಲೆ ಇಟ್ಟು ನಿದ್ದೆ ಹೋಗಿದ್ದಳಂತೆ. ಹೆರಿಗೆ ಗಾಣದ ಮನೆಯಲ್ಲೇ ಆಯಿತು. ತಾಯಿ ಮಗು ಚೆನ್ನಾಗಿದ್ದರು. ಗಾಣದಕ್ಕ ಆ ಕೂಸನ್ನೂ ಸೊಂಟದಿಂದ ಇಳಿಸಲಿಲ್ಲ ಅಂತಾರೆ.

ಈಗ ಆ ಗಾಣವೂ ಇಲ್ಲ, ಕಾರೂ ಇಲ್ಲ. ಆಯುಧಪೂಜೆಗೆ ಆ ಊರವರು ಗಾಡಿಗಳಿಗೆ ಹೊರಗೇ ಕುಂಕುಮ ಇಡ್ತಾರೆ, ಹುಚ್ಚೆಳ್ಳೆಣ್ಣೆಯನ್ನ ಚಕ್ರದ ಪಕ್ಕ ನೆಲಕ್ಕೆ ಬಿಡ್ತಾರೆ. ಇನ್ನು ತವರಿಗೆ ಬಸುರಿಯನ್ನ ಕರೆತರೋಕೆ ಹೊರಟರಂತೂ, ಕಾರಾಗಲಿ ವ್ಯಾನಾಗಲಿ, ಡ್ರೈವರು ಮೊದಲು ಬಗ್ಗಿ ಕೈಯಲ್ಲಿ ಪೆಡಲ್ ಒತ್ತಿ ಬಿಡಬೇಕು. ಹೊರಗೆ ನಿಂತವರು ಬಂತಾ ಅಂತ ಕೇಳಬೇಕು. ಕೇಳಿದವನು ಮೀಸೆ ಹೊತ್ತ ಗಂಡಸೇ ಆಗಿರಲಿ, ಒಳಗಿನವನು "ಬಂತು ಕಣಕ್ಕಾ" ಅಂತಲೇ ಅನ್ನಬೇಕು. ಹಾಗಂದ ಮೇಲೇ ಗಾಡಿ ಹೊರಡೋದು.