ಪಾವಿನ ತಳ

ಮಠದ ದಾಸೋಹದ ಉಸ್ತುವಾರಿ ನೋಡಿಕೊಳ್ಳುತ್ತಿದ್ದ ಶಿಷ್ಯ ಚೆನ್ನವೀರ ಗುರುಗಳನ್ನು ಕೇಳಿದ:

“ಬುದ್ಧೀ, ಕೊನೆಯ ಪಂಕ್ತಿಗೆ ತುಪ್ಪ ಉಳಿಯುತ್ತಿಲ್ಲ. ಅಡುಗೆಯವರ ಕೈ ಶುದ್ಧವಿಲ್ಲ. ತಾವು ದಿನಾ ಅವರಿಗೆ ನೀತಿ ಹೇಳಿದರೆ ತಿದ್ದಿಕೊಂಡಾರೇ? ತಿದ್ದಿಕೊಳ್ಳದಿದ್ದರೆ ಅವರಲ್ಲಿ ಆ ಮರುಳಯ್ಯನನ್ನಾದರೂ ಕಳಿಸಿಬಿಡಬಹುದು. ತುಪ್ಪದ ಮಾತೆತ್ತಿದರೆ ಸಾಕು, ‘ಮೊದಲ ಪಂಕ್ತಿಗೆ ತುಪ್ಪ ಬಡಿಸುವ ಮಿಳ್ಳೆ ನೋಡಿ ಸ್ವಾಮಿ’ ಎಂದು ನನಗೇ ಎದುರಾಡುತ್ತಾನೆ.”

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಎಣ್ಣೆ ವರ್ತಕನಿದ್ದ. ಅವನು ಎಣ್ಣೆ ಅಳೆಯುವ ಪಾವಿನ ತಳವನ್ನು ಹೊರಗಿನಿಂದ ಬಡಿದು ಒಳಕ್ಕೆ ಉಬ್ಬಿಸಿದ್ದ. ಪಾವು ತುಂಬಿದಂತೆ ಕಾಣುತ್ತಿತ್ತು. ಎಣ್ಣೆ ಮಾತ್ರ ಕಡಿಮೆ ಹಿಡಿಯುತ್ತಿತ್ತು. ಒಂದು ದಿನ ಅಳತೆಯ ಅಧಿಕಾರಿ ಬಂದು ಇದನ್ನು ಕಂಡುಹಿಡಿದ. ವರ್ತಕ ಆಳುಗಳತ್ತ ಕೈ ತೋರಿಸಿದ.

“ಕಡಿಮೆ ಅಳೆಯುವುದು ತಪ್ಪೆಂದು ಇವರಿಗೆ ಹೇಳಿಕೊಟ್ಟಿದ್ದೀಯಾ?” ಎಂದು ಅಧಿಕಾರಿ ಕೇಳಿದ.

“ಇಲ್ಲ ಸ್ವಾಮಿ.”

“ಹಾಗಾದರೆ ತಪ್ಪು ನಿನ್ನದು. ಹೇಳಿಕೊಟ್ಟಿದ್ದರೆ ಅವರದಾಗುತ್ತಿತ್ತು.”

ದಂಡ ತೆತ್ತ ವರ್ತಕನಿಗೆ ಈ ಮಾತು ಬಹಳ ಹಿಡಿಸಿತು. ಮರುದಿನವೇ ಹೊಸ ಪಾವು ತಂದು ಅದರ ತಳವನ್ನೂ ಬಡಿದ. ಆಳುಗಳಿಗೆ ನೀತಿ ಹೇಳಲು ಒಬ್ಬ ಶಾಸ್ತ್ರಿಯನ್ನು ನೇಮಿಸಿದ.

ಅಂಗಡಿ ತೆರೆಯುವ ಮುಂಚೆ ಪಾಠ. ಪಾಠ ಮುಗಿದ ಮೇಲೆ ಪ್ರತಿಯೊಬ್ಬನೂ ಮಸಿಯಲ್ಲಿ ಹೆಬ್ಬೆರಳು ಅದ್ದಿ ಗೋಡೆಗೆ ಒತ್ತಬೇಕು. ಒತ್ತಿದವನು ನೀತಿ ಕಲಿತ ಹಾಗೆ. ಗಾಣದಲ್ಲಿ ದಣಿದ ಆಳುಗಳು ಕೂತಲ್ಲೇ ನಿದ್ದೆ ಹೋಗುತ್ತಿದ್ದರು. ಶಾಸ್ತ್ರಿ ದಯಾಳು. ಅವರಿಗೆ ಎಚ್ಚರವಾಗದಂತೆ ತಾನೇ ಅವರ ಬೆರಳು ಹಿಡಿದು ಒತ್ತಿಸುತ್ತಿದ್ದ. ಅವನಿಗೆ ಅನುಕೂಲವಾಗಲೆಂದು ಎಲ್ಲರೂ ಗೋಡೆಗೆ ಒರಗಿಯೇ ಕೂರುತ್ತಿದ್ದರು.

ಹೊಸದಾಗಿ ಸೇರಿದ ಒಬ್ಬ ಆಳು ಮಾತ್ರ ನಿದ್ದೆ ಮಾಡಲಿಲ್ಲ. ಎಷ್ಟೋ ಅಂಗಡಿ ಅಲೆದು ಸಿಕ್ಕ ಕೆಲಸ. ಅದು ಹೋದರೆ ಮನೆಯಲ್ಲಿ ಒಲೆ ಹೊತ್ತುವುದಿಲ್ಲ. ಪಾಠ ಕಲಿತರೆ ಕೆಲಸ ಉಳಿಯುತ್ತದೆ ಎಂದು ಅವನು ನಂಬಿದ್ದ. ಒಂದು ದಿನ ವರ್ತಕನ ಬಳಿ ಹೋದ.

“ಧಣಿ, ಪಾವಿನ ತಳ ಮೇಲೆದ್ದಿದೆ.”

“ಯಾರಯ್ಯಾ ನಿನ್ನ ಕೇಳಿದ್ದು?”

“ಅಳತೆಯಲ್ಲಿ ಲೋಪ ಕಂಡರೆ ಧಣಿಗೆ ತಿಳಿಸಿ ಅಂತ ಶಾಸ್ತ್ರಿಗಳು ಹೇಳಿದರು.”

“ತಿಳಿಸಿದೆಯಲ್ಲ, ಪಾಠ ಅಲ್ಲಿಗೆ ಮುಗಿಯಿತು. ಹೋಗು, ಗಿರಾಕಿ ಕಾಯ್ತಿದ್ದಾರೆ.”

ಪಾಠ ಮುಗಿದಿರಲಿಲ್ಲ. ಲೋಪವನ್ನು ಕಂಡವನೇ ತಿದ್ದಬೇಕು ಎಂದು ಶಾಸ್ತ್ರಿ ಮರುದಿನ ಹೇಳಿದ. ಆಳು ಸುತ್ತಿಗೆ ತಂದು ಪಾವಿನ ತಳವನ್ನು ಒಳಗಿನಿಂದ ಬಡಿದು ಮಟ್ಟ ಮಾಡಿದ. ಅಂದು ಸಂಜೆಯಾಗುವ ಮೊದಲೇ ಪೀಪಾಯಿ ಬರಿದಾಯಿತು.

ವರ್ತಕ ಊರ ಹಿರಿಯರನ್ನು ಅಂಗಡಿಗೆ ಕರೆಸಿ ಅವನನ್ನು ಅವರ ಮುಂದೆ ನಿಲ್ಲಿಸಿದ. “ಧಣಿಯ ಸ್ವತ್ತು ಕೆಡಿಸಿದ್ದಾನೆ. ಇವನಿಗೆ ನೀತಿ ಹೇಳಿಕೊಟ್ಟಿಲ್ಲ ಅನ್ನಬೇಡಿ, ಗೋಡೆ ನೋಡಿ” ಎಂದ. ಶಾಸ್ತ್ರಿ ಗೋಡೆ ನೋಡಿ ಸಾಕ್ಷಿ ಹೇಳಿದ: “ಈ ಗುರುತು ಇವನದೇ. ಉಳಿದವರ ವಿಷಯ ಹೇಳಲಾರೆ, ಇವನು ಮಾತ್ರ ಎಚ್ಚರವಾಗಿದ್ದ.”

ಎಚ್ಚರವಾಗಿದ್ದು ಕೇಳಿಯೂ ಹೀಗೆ ಮಾಡಿದವನಿಗೆ ಕ್ಷಮೆಯಿಲ್ಲ ಎಂದು ಹಿರಿಯರು ತೀರ್ಮಾನಿಸಿದರು. ಅವನ ಕೆಲಸ ಹೋಯಿತು. ಪಾವಿನ ತಳ ಮತ್ತೆ ಮೇಲೆದ್ದಿತು. ಮಾರನೆಯ ಬೆಳಗ್ಗೆ ಪಾಠ ಎಂದಿನಂತೆ ನಡೆಯಿತು. ಉಳಿದ ಆಳುಗಳು ಹಿಂದೆಂದಿಗಿಂತ ಗಾಢವಾಗಿ ನಿದ್ದೆ ಮಾಡಿದರು.

ಚೆನ್ನವೀರ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. “ಎಂಥ ವರ್ತಕ ಬುದ್ಧೀ! ಅಂಥವರೂ ಇರುತ್ತಾರೆ ನೋಡಿ” ಎಂದ. ಮತ್ತೆ ಹೆಗಲ ವಸ್ತ್ರದಿಂದ ಕಣ್ಣೊರೆಸಿಕೊಂಡು, “ಹಾಗಾದರೆ ಅಡುಗೆಯವರಿಗೆ ನಾಳೆಯಿಂದಲೇ ಪಾಠ ಶುರುಮಾಡೋಣವೇ?” ಎಂದು ಕೇಳಿದ.

“ಮಾಡೋಣ. ಬರುವಾಗ, ಮೊದಲ ಪಂಕ್ತಿಯಲ್ಲಿ ನಿನಗೂ ನಿನ್ನ ನೆಂಟರಿಗೂ ಮಾತ್ರ ಬಡಿಸುವ ಆ ದೊಡ್ಡ ಮಿಳ್ಳೆಯನ್ನೂ ತಾ.”